ಕಿಂಡಿಯೊಳಗಿನ ಒಂದು ಬೊಟ್ಟು

ಬಸ್ಸಿಳಿದು ಗದ್ದೆಬದುವಿನ ಮೇಲೆ ನಡೆದು ಬರುತ್ತಿದ್ದವರನ್ನು ಕಂಡೊಡನೆ ಪುಟ್ಟಮಾದಪ್ಪನ ಜೀವ ಬಾಯಿಗೆ ಬಂತು. ಬೆಂಗಳೂರಿನ ಪ್ರಯೋಗಾಲಯದ ವಿಜ್ಞಾನಿ ಶಿವರತ್ನಮ್ಮ! ರಜೆ ಹಾಕಿ ತನ್ನೂರು ಧನಗೆರೆಗೆ ಬಂದ ತನ್ನಂಥ ಮೆಕ್ಯಾನಿಕನನ್ನು ಹುಡುಕಿಕೊಂಡು ದೊಡ್ಡವರು ಸುಮ್ಮಸುಮ್ಮನೆ ಕೊಳ್ಳೇಗಾಲದ ಬಸ್ಸು ಹತ್ತುವುದುಂಟೇ? ಅದೂ ಎಪ್ಪತ್ನಾಲ್ಕನೇ ಇಸವಿಯ ಆ ಬಿರುಬಿಸಿಲಲ್ಲಿ.

ಅವರಿಬ್ಬರ ಕೆಲಸ ಒಂದು ಉಕ್ಕಿನ ಕೊಳವೆಯದು. ಅಂತರಿಕ್ಷದಿಂದ ಹಿಂದಿರುಗುವ ನೌಕೆ ವಾತಾವರಣಕ್ಕೆ ನುಗ್ಗಿದಾಗ ಅದರ ಮೂತಿಯೆದುರಿನ ಗಾಳಿ ಏಟು ತಿಂದು, ಕಾದು, ಬೆಳಗುತ್ತದೆ. ಆ ಬೆಳಕು ನೌಕೆಯನ್ನು ಎಷ್ಟು ಸುಡುತ್ತದೆಂದು ತಿಳಿಯಬೇಕು. ಅದಕ್ಕೇ ಕೊಳವೆಯ ಒಂದು ತುದಿಗೆ ಅನಿಲವನ್ನು ಬಿಗಿಯಾಗಿ ತುಂಬಿ, ನಡುವಿನ ತಗಡನ್ನು ಢಮ್ಮೆಂದು ಒಡೆಸುವುದು. ಕಣ್ಣು ಮಿಟುಕಿಸುವುದರೊಳಗೆ ಆಚೆಯ ಗಾಳಿ ಹೊಳೆದು ಆರುತ್ತದೆ. ಗಾಜಿನ ಕಿಂಡಿಯಾಚೆಗಿನ ಯಂತ್ರ ಅದನ್ನು ಅಳೆಯುತ್ತದೆ. ಕೊಳವೆಯನ್ನು ಒರೆಸಿ ಅಣಿಮಾಡುವುದು ಪುಟ್ಟಮಾದಪ್ಪನ ಪಾಲು. ಎಂಟು ವರ್ಷದಿಂದ ಆ ಕೊಳವೆಯೆಂದರೆ ಅವನಿಗೆ ಪ್ರಾಣ.

ಜಗಲಿಯಲ್ಲಿ ಕೂತು, ಅವನ ತಾಯಿ ದೊಡ್ಡಬಸಮ್ಮ ಕೊಟ್ಟ ಮಜ್ಜಿಗೆ ಕುಡಿದು, ಶಿವರತ್ನಮ್ಮ ನೇರ ವಿಷಯಕ್ಕೆ ಬಂದರು.

"ನೀವು ಊರಿಗೆ ಬಂದ ಮೇಲೆ ನಾನೇ ಕೊಳವೆ ಒರೆಸಿ ನಾಲ್ಕು ಸಲ ತಗಡು ಒಡೆಸಿದೆ. ಎರಡು ವರ್ಷದಿಂದ ಬರ್ತಿದ್ದ ಆ ಹೆಚ್ಚಿನ ಬೆಳಕು ಬರಲೇ ಇಲ್ಲ. ಸೋಮವಾರ ನನ್ನ ಲೇಖನ ಅಂಚೆಗೆ ಹೋಗಬೇಕು. ಯಾವ ಅಳತೆ ನಂಬಲಿ? ನೀವು ಏನಾದ್ರೂ ಮಾಡ್ತಿದ್ರಾ?"

ಇಲ್ಲವೆಂದುಬಿಟ್ಟರೆ ಕೆಲಸ ಉಳಿಯುತ್ತಿತ್ತು. ನಾಲಗೆ ತುದಿಗೆ ಬಂದಿದ್ದ ಸುಳ್ಳನ್ನು ಪುಟ್ಟಮಾದಪ್ಪ ನುಂಗಿಕೊಂಡ.

"ಧೂಳ್ತ ಕಣ್ರವ್ವಾ, ಇಬೂತಿ. ಮಾದಪ್ಪನ ಬೆಟ್ಟದ್ದು. ಎರಡ್ ವರ್ಸದ್ ಇಂದೆ ಕಿಂಡಿ ಗಾಜು ಒಡ್ದು ನಿಮ್ ಕೈ ಕುಯ್ದೋಯ್ತಲ್ಲ, ಆವತ್ನಿಂದ. ನೇಗ್ಲುಗೆ ಇಡಾಕಿಲ್ವಾ, ಅಂಗೆ. ಒರಗಡೆ ಇಟ್ರೆ ಬಯ್ತೀರಿ ಅಂತ ಒಳಗ್ಲ ಅಂಚ್ಗೆ ಒಂದ್ ಬೊಟ್ಟು ಇಡ್ತಿದ್ದೆ. ನನ್ ಕೆಲ್ಸ ಓದ್ರೂ ಓಗ್ಲಿ, ಸುಳ್ ಅಳ್ತೆ ಮಾತ್ರ ಕಳುಸ್ಬ್ಯಾಡಿ."

"ಅಯ್ಯೋ ಮುಂಡೇದೇ, ಅಣೆಗ್ ಇಡೋದ್ನ ಮಿಸನ್ಗೆ ಇಟ್ಯಲ್ಲೋ!" ಎಂದು ದೊಡ್ಡಬಸಮ್ಮ ಹಣೆ ಚಚ್ಚಿಕೊಂಡಳು.

ಶಿವರತ್ನಮ್ಮ ತಮ್ಮ ಅಂಗೈಯ ಗಾಯದ ಗೆರೆಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ನಕ್ಕರು. ಬೂದಿಯಲ್ಲಿರುವ ಉಪ್ಪು, ಸುಣ್ಣ ಕಾದರೆ ಗಾಳಿಯ ಬೆಳಕಿನ ಜೊತೆ ತಮ್ಮದನ್ನೂ ಸೇರಿಸುತ್ತವೆ. ಅವರು ಎರಡು ವರ್ಷ ಅಳೆದದ್ದು ಅದನ್ನೂ.

"ನೀವು ಮುಚ್ಚಿಟ್ಟಿದ್ರೆ ನಾನು ಲೋಕಕ್ಕೆಲ್ಲ ತಪ್ಪು ಹೇಳ್ತಿದ್ದೆ. ಈ ಉಪಕಾರ ನಾನು ಮರೆಯೋಳಲ್ಲ."

"ಇನ್ಮ್ಯಾಲೆ ಕೊಳ್ವೆ ಒರ್ಸೋರ್ ಯಾರು?" ಎಂದು ಕೇಳಿದ ಪುಟ್ಟಮಾದಪ್ಪ.

ಯಳಂದೂರಿನಲ್ಲಿ ಹುಟ್ಟಿದ ಶಿವರತ್ನಮ್ಮನವರ ಬಾಯಲ್ಲಿ ಊರ ಮಾತು ತಾನಾಗಿ ಬಂತು. "ನೀವಲ್ದೆ ಇನ್ಯಾರು? ಲೇಖ್ನ ಸೋಮವಾರ ಓಗಲ್ಲ, ಮೊದ್ಲಿಂದ ಅಳೆಯವ. ಒಂದ್ ಚೂರು ಧೂಳ್ತ ಕಟ್ಕೊಡಿ, ಬೇಕಂತ್ಲೇ ಒಳಗಿಟ್ಟು ಒಂದ್ಸಲ ನೋಡ್ಬೇಕು."

ದೊಡ್ಡಬಸಮ್ಮ ವಿಭೂತಿಯನ್ನು ಕಾಗದದಲ್ಲಿ ಮಡಚಿ ಕೊಟ್ಟಳು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡ ಶಿವರತ್ನಮ್ಮ ಎದ್ದು, ತಮ್ಮ ಹಣೆ ಮುಟ್ಟಿ ತೋರಿಸಿದರು.

"ಆಮ್ಯಾಕೆ ದಿನಾ ಇಲ್ಲಿಡಿ ಪುಟ್ಟಮಾದಪ್ನೋರೆ. ನೀವು ಕಾಪಾಡ್ಬೇಕು ಅಂತಿದ್ದದ್ದು ನನ್ನ ತಾನೆ? ಇಟ್ಟು, ಕೈ ತೊಳ್ಕಂಡು ಕೊಳ್ವೆ ಮುಟ್ಟಿ."

ಪುಟ್ಟಮಾದಪ್ಪ ಬಸ್‌ಸ್ಟಾಪಿನವರೆಗೂ ಅವರ ಚೀಲ ಹೊತ್ತು ಹಿಂದೆಯೇ ನಡೆದ.