ಟಚಪ್ ಮಾಡದ ಫೋಟೊ

“ಏನ್ರೀ ಇದು? ಕುಕ್ಕರ್ ಸಿಡಿದಿದ್ದಾ, ಸೊಳ್ಳೆ ಕಚ್ಚಿದ್ದಾ?”

ವಕೀಲಮ್ಮ ಫೋಟೊಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದರು. ಎದುರಿಗೆ ಕೂತಿದ್ದ ಸ್ಟುಡಿಯೋದವನು ತಲೆ ಬಗ್ಗಿಸಿದ. ಊರಿನ ಅರ್ಧ ಜನರ ಮೊಡವೆ, ಕಪ್ಪು ಕಲೆ, ಜೋಡಿ ಗದ್ದಗಳನ್ನು ಕಂಪ್ಯೂಟರಿನಲ್ಲಿ ಮಾಯ ಮಾಡಿ ಹೊಟ್ಟೆ ಹೊರೆಯುತ್ತಿದ್ದವನು ಅವನು. ಬೋಳುತಲೆಯ ವರನಿಗೆ ಕೂದಲು ಬರಿಸಿಕೊಟ್ಟು, ಮದುವೆಯಾದ ಮೇಲೆ ಹೆಣ್ಣಿನ ಕಡೆಯವರಿಂದ ಬೈಸಿಕೊಂಡವನು.

ಪಕ್ಕದಲ್ಲಿ ಅವನ ಹೆಂಡತಿ, ಬಲಗಿವಿಯವರೆಗೂ ಶಾಲು ಹೊದ್ದು ಕೂತಿದ್ದಳು. ಮೇಜಿನ ಇನ್ನೊಂದು ತುದಿಯಲ್ಲಿ ಆ ದರಿದ್ರ ಕುಕ್ಕರು ಪ್ಲಾಸ್ಟಿಕ್ ಚೀಲದೊಳಗಿತ್ತು. ತೊಳೆಯಬೇಡಿ ಅಂತ ವಕೀಲಮ್ಮ ಅಂದಿದ್ದರಲ್ಲ, ಅಂಚಿನಲ್ಲಿ ಕಾಳಿನ ಸಿಪ್ಪೆ ಹಾಗೇ ಒಣಗಿತ್ತು. ಒಳಗೆ ಆವಿ ಇರುವಾಗ ಎಳೆದರೂ ಬರಬಾರದ ಮುಚ್ಚಳ, ಅವಳು ಹಿಡಿಗೆ ಕೈ ಇಟ್ಟದ್ದೇ ತಡ ಹಾರಿತ್ತು. ಕುದಿಯುವ ನೀರು ದವಡೆಯಿಂದ ಭುಜದವರೆಗೆ ಇಳಿದಿತ್ತು.

“ನೋಡಿ, ಮಾಡಿದ ಕಂಪನಿ ಮೇಲೂ ಕೇಸ್ ಹಾಕಬಹುದು, ಮಾರಿದ ಅಂಗಡಿ ಮೇಲೂ ಹಾಕಬಹುದು. ಗ್ರಾಹಕರ ಕೋರ್ಟಿಗೆ ಹೋಗೋಣ. ಅವರೇ ರಾಜಿಗೆ ಬಂದ್ರೆ ಅದೂ ಒಂದು ದಾರಿ. ಆದ್ರೆ ಕುತ್ತಿಗೆ ಬಿಗಿದುಕೊಂಡಿದೆ, ಆಪರೇಷನ್ ಆಗಲೇಬೇಕು ಅಂದಿದಾರೆ ಡಾಕ್ಟ್ರು. ಆ ಖರ್ಚು ಅವರು ಕೊಡಬೇಕು ಅಂದ್ರೆ ಗಾಯ ಕಾಣಬೇಕು ತಾನೆ? ನೀವು ಹೀಗೆ ತಿದ್ದಿದ ಫೋಟೊ ಒಂದು ಸಿಕ್ಕಿದ್ರೆ ಸಾಕು, ನಾವು ಹೇಳಿದ್ದೆಲ್ಲ ಸುಳ್ಳು ಅಂದುಬಿಡ್ತಾರೆ. ಹಗಲು ಬೆಳಕಲ್ಲಿ, ಪಕ್ಕಕ್ಕೆ ಸ್ಕೇಲ್ ಇಟ್ಟು, ಇದ್ದದ್ದು ಇದ್ದಹಾಗೆ ತೆಗೀರಿ.”

ಹೆಂಡತಿ ಒಂದು ಫೋಟೊ ಎತ್ತಿಕೊಂಡು ನೋಡಿದಳು. ಸ್ಟುಡಿಯೋಗೆ ವಾಪಸ್ ಬರುವ ದಾರಿಯುದ್ದಕ್ಕೂ ಅದು ಅವಳ ಕೈಯಲ್ಲೇ ಇತ್ತು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಸ್ಟುಡಿಯೋದ ಬಾಗಿಲು ತೆಗೆದ ಮೇಲೆ ಬಾಯಿ ಬಿಟ್ಟಳು.

“ರೀ, ನನ್ ಮುಖ ನೋಡೋಕೆ ನಿಮಗೆ ಅಷ್ಟು ಕಷ್ಟ ಆಗತ್ತಾ?”

“ಛೇ, ಇಲ್ಲ ಕಣೇ! ಕೈ ಅಭ್ಯಾಸ, ಹಾಗೇ...”

“ಸುಳ್ಳು ಹೇಳ್ಬೇಡಿ. ಕಿವಿ ಕೆಳಗಿನ ಮಚ್ಚೇನೂ ಒರೆಸಿಹಾಕಿದೀರ. ಅದೇನು ಕುಕ್ಕರ್ ಸಿಡಿದು ಬಂದಿದ್ದಾ? ಹುಟ್ಟಿದಾಗಿಂದ ಇದೆ!”

ಅವನಿಗೆ ನಗು ಬಂತು, ನಗಲಿಲ್ಲ. ಕ್ಯಾಮೆರಾದ ಲೆನ್ಸನ್ನು ಸುಮ್ಮನೆ ಒರೆಸತೊಡಗಿದ.

“ಆ ಗಾಯ ಕಂಡಾಗೆಲ್ಲ ಅವತ್ತು ನೀನು ಕೂಗಿದ್ದು ಕೇಳಿಸತ್ತೆ. ಅಳಿಸಿಬಿಟ್ರೆ ನಿಲ್ಲತ್ತೇನೋ ಅಂದ್ಕೊಂಡೆ.”

“ನಿಂತಿತಾ?”

“ಇಲ್ಲ.”

ಅವಳು ಕಿಟಕಿಯ ಪರದೆ ಸರಿಸಿ, ಸ್ಟೂಲನ್ನು ಬೆಳಕಿಗೆ ಎಳೆದುಕೊಂಡು ಕೂತಳು. “ಹಾಗಾದ್ರೆ ಈಗ ಸರಿಯಾಗಿ ತೆಗೀರಿ. ನಾನೂ ಒಬ್ಬ ಗಿರಾಕಿ ಅಂದ್ಕೊಳ್ಳಿ. ಅಡ್ವಾನ್ಸ್ ಮಾತ್ರ ಕೇಳ್ಬೇಡಿ.”

ಶಾಲು ತೆಗೆದಳು. ಸ್ಕೇಲನ್ನು ಕುತ್ತಿಗೆಯ ಪಕ್ಕಕ್ಕೆ ಹಿಡಿದಳು. ಅವನು ಕ್ಯಾಮೆರಾದ ಹಿಂದೆ ಅಡಗಿಕೊಂಡ.

“ಸ್ವಲ್ಪ ಬಲಕ್ಕೆ. ಅಲ್ಲಲ್ಲ, ನನ್ ಬಲಕ್ಕೆ. ಗದ್ದ ಎತ್ತು. ಜಾಸ್ತಿ ಆಯ್ತು, ಇಳಿಸು.”

“ಬಂದ ಮದುಮಕ್ಕಳಿಗೆಲ್ಲ ಗದ್ದ ಹಿಡಿದು ತಿರುಗಿಸ್ತೀರಿ. ನನಗೆ ಮಾತ್ರ ಟ್ರಾಫಿಕ್ ಪೊಲೀಸ್ ಥರ ಅಲ್ಲಿಂದಲೇ ಕೈ ಬೀಸ್ತೀರಾ?”

ಆಗ ಅವನಿಗೆ ಹೊಳೆಯಿತು. ಬ್ಯಾಂಡೇಜು ಬಿಚ್ಚಿದ ದಿನದಿಂದ ಅವಳ ಆ ಕಡೆಗೆ ಅವನ ಕೈ ಹೋಗಿಯೇ ಇರಲಿಲ್ಲ. ಮಂಚದಲ್ಲಿ ಮಲಗುವ ಜಾಗವನ್ನೂ ಅವಳ ಎಡಕ್ಕೆ ಬದಲಿಸಿಕೊಂಡಿದ್ದ, ನಿನಗೆ ಗಾಳಿ ಬರಲಿ ಅಂತ ಹೇಳಿ.

ಕ್ಯಾಮೆರಾ ಬಿಟ್ಟು ಈಚೆ ಬಂದ. ಎರಡು ಬೆರಳನ್ನು ಅವಳ ಗದ್ದದ ಕೆಳಗೆ ಇಟ್ಟ. ಚರ್ಮ ಒಂದು ಕಡೆ ಹಗ್ಗದಂತೆ ಹುರಿಗೊಂಡಿತ್ತು, ಇನ್ನೊಂದು ಕಡೆ ಕೂಸಿನ ಅಂಗಾಲಿನಷ್ಟು ನುಣ್ಣಗಿತ್ತು. ಇನ್ನೂ ಸುಡುತ್ತಿರುತ್ತದೆ ಅಂತ ಯಾಕೋ ಅಂದುಕೊಂಡಿದ್ದ.

“ನೋವಾಗತ್ತಾ?”

“ಇಲ್ಲ. ನಿಮ್ ಕೈ ತಣ್ಣಗಿದೆ.”

ಮುಖವನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದ. ಗಾಯದ ಅಂಚಿನಲ್ಲಿ, ಕಿವಿಯ ಕೆಳಗೆ, ಮಚ್ಚೆ ಹಾಗೇ ಕೂತಿತ್ತು.

“ರೀ, ಫೋಟೊ.”

“ತಾಳು,” ಅಂದ. ಕೈ ತೆಗೆಯಲಿಲ್ಲ.

ಅವಳು ಹಿಡಿದಿದ್ದ ಸ್ಕೇಲು ಮೆಲ್ಲಗೆ ವಾಲಿ, ಜಾರಿ, ಮಡಿಲಿಗೆ ಬಿತ್ತು.