ಗಂಟೆ ಹೊಡೆದ ಮೇಲಿನ ಹಾಡು

ಮೇಜಿನ ಕೆಳಗೆ ಮಂಡಿಯೂರಿ ಗೋಡೆಯ ಪ್ಲಗ್ಗಿಗೆ ಕೈ ಹಾಕಿದ್ದ ತಮ್ಮನ ಭುಜವನ್ನು ಹಿಂದಿನಿಂದ ಯಾರೋ ಹಿಡಿದೆಳೆದರು.

"ಮಾಮ, ಅದನ್ನ ಕೀಳಬೇಡಿ."

ತೀರಿಕೊಂಡ ಅಕ್ಕನ ಮಗಳು. ಅತ್ತು ಅತ್ತು ಮೂಗಿನ ತುದಿ ಕೆಂಪಾಗಿತ್ತು. ದನಿ ಮಾತ್ರ ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ಅದೇ ದನಿ.

"ಕೀಳದೆ ಹೇಗಮ್ಮಾ? ಮೇಜು ಸರಿಸಿದ್ರೆ ತಾನೆ ಮಂಚ ಇಲ್ಲಿಗೆ ಬರೋದು? ನಿಮ್ಮಮ್ಮನ್ನ ಒಳಕೋಣೇಲೇ ಮಲಗಿಸಿಟ್ರೆ ನೋಡೋಕೆ ಬಂದೋರು ಅಡುಗೆಮನೇಲಿ ಸಾಲು ನಿಲ್ಲಬೇಕಾಗುತ್ತೆ."

"ಮೇಜನ್ನ ಹಾಗೇ ತಳ್ಳೋಣ. ವೈರು ಇದ್ದ ಹಾಗೇ ಇರಲಿ. ಅಮ್ಮ ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ಇಬ್ಬರೂ ಸೇರಿ ಮೇಜನ್ನು ಕಿಟಕಿಯ ಕಡೆಗೆ ತಳ್ಳಿದರು. ಅದರ ಮೇಲೆ ಊಟದ ಡಬ್ಬಿಯಷ್ಟೇ ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ಮುಂದೆ ಒಂದು ಗಾಜಿನ ಕಿಂಡಿ, ಒಂದು ತಿರುಗುಗುಂಡಿ, ಡಿಸ್ಕು ತೂರಿಸುವ ಸೀಳು. ಎರಡು ಪಕ್ಕದಲ್ಲೂ ಮರದ ಸ್ಪೀಕರುಗಳು. ಅಕ್ಕ ಅವುಗಳಿಗೆ ಬಿಳಿ ಬಟ್ಟೆಯ ಗವಸು ಹೊಲಿದು ತೊಡಿಸಿದ್ದಳು. ಅಂಗಿಯ ಕಾಲರಿನಂತೆ ಅಂಚು ಮಡಚಿ, ಎರಡು ಸಾಲು ಹೊಲಿಗೆ ಹಾಕಿದ್ದಳು.

ಕ್ಷೌರದ ಅಂಗಡಿ ನಡೆಸುವ ತಮ್ಮನಿಗೆ ಜನರ ತಲೆಯೊಳಗೆ ಏನಿದೆ ಅನ್ನುವುದು ತಲೆಯ ಮೇಲಿನ ಕೂದಲಿಗಿಂತ ಹೆಚ್ಚಿನ ಕುತೂಹಲದ ಸಂಗತಿ. ಒಡಹುಟ್ಟಿದ ಅಕ್ಕನ ವಿಷಯದಲ್ಲೇ ಆ ಕುತೂಹಲ ತೀರದೆ ಉಳಿದಿತ್ತು. ಜೀವಮಾನವೆಲ್ಲ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಹೊಲಿದವಳು ಅವಳು. ಬಟ್ಟೆ ಒಗೆಯುವಾಗಲೂ ಒಂದು ಸಾಲು ಗುನುಗಿದ್ದನ್ನು ಅವನು ಕೇಳಿರಲಿಲ್ಲ. ಅಂಥವಳಿಗೆ ಈ ವಯಸ್ಸಿನಲ್ಲಿ ಹಾಡಿನ ಪೆಟ್ಟಿಗೆಯ ಹುಚ್ಚು ಹಿಡಿದದ್ದು ಯಾಕೆ?

"ಏನು ಕೇಳ್ತಿದ್ಳು ಇದರಲ್ಲಿ?"

"ನನಗೇನು ಗೊತ್ತು?" ಮಗಳು ಗವಸಿನ ಸುಕ್ಕನ್ನು ಬೆರಳಿಂದ ತೀಡಿದಳು. "ನಾನೇ ಬಂದು ಜೋಡಿಸಿಕೊಡ್ತೀನಿ ಅಂದೆ. ನೀನು ಮುಟ್ಟಬೇಡ ಅಂದ್ಬಿಟ್ರು. ನನಗೂ ರೋಷ ಬಂತು, ಬರೋದು ಕಡಿಮೆ ಮಾಡಿದೆ. ಹೋದ ಭಾನುವಾರ ಅವರೇ ಫೋನ್ ಮಾಡಿದ್ರು. ಬಾರೇ, ಒಂದು ಕೇಳಿಸ್ತೀನಿ ಅಂದ್ರು. ಮುಂದಿನ ವಾರ ನೋಡೋಣ ಅಂದೆ."

ಮುಂದಿನ ವಾರವೆಂದರೆ ಇದೇ ವಾರ. ತಮ್ಮ ಒಳಗೆ ಹೋಗಿ ಮಂಚದ ಒಂದು ಬದಿಗೆ ಕೈ ಕೊಟ್ಟ.

*

ಪೆಟ್ಟಿಗೆ ಮನೆಗೆ ಬಂದ ಹೊಸತರಲ್ಲಿ ತಮ್ಮ ಒಂದು ದಿನ ಬಂದಾಗ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತಲೂ ವೈರು, ಥರ್ಮಾಕೋಲಿನ ಚೂರು. ಮೂಗಿನ ಮೇಲೆ ಕನ್ನಡಕ, ಹಣೆಯ ಮೇಲೆ ಇನ್ನೊಂದು ಕನ್ನಡಕ.

"ಏನಕ್ಕಾ ಇದು, ಹಾವಾಡಿಸ್ತಿದೀಯಾ?"

"ನಗು, ನಗು. ಹೇಳಿದ ಹಾಗೇ ಎಲ್ಲಾ ಮಾಡಿದೀನಿ ಕಣೋ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ದೀಪ ಹತ್ತುತ್ತೆ, ಅಂಕಿ ಓಡುತ್ತೆ, ಉಸಿರು ಮಾತ್ರ ಇಲ್ಲ."

"ಮೂಕ ಪೆಟ್ಟಿಗೆ ಕೊಟ್ಟು ಕಳಿಸಿದಾನೆ ಅಂಗಡಿಯವನು. ಕರೆಸು ಅವನನ್ನ."

"ಅವನು ಬಂದು ಮಾಡಿಕೊಟ್ರೆ ನಾಳೆ ಕೆಟ್ಟಾಗಲೂ ಅವನೇ ಬರಬೇಕು. ನನಗೆ ಗೊತ್ತಾಗಬೇಕು, ಹಾಡು ಎಲ್ಲಿಂದ ಹೊರಟು ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ."

ಅವಳು ವೈರಿನ ತುದಿಯನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿದಳು. ಆಮೇಲೆ ಥಟ್ಟನೆ ನಕ್ಕಳು. ತಾಮ್ರದ ಮೇಲಿನ ಪ್ಲಾಸ್ಟಿಕ್ಕು ಹಾಗೇ ಇತ್ತು. ಅದನ್ನು ಸುಲಿಯಬೇಕೆಂದು ಯಾರೂ ಹೇಳಿರಲಿಲ್ಲ, ಹೇಳದಿದ್ದರೂ ತಿಳಿದಿರುತ್ತದೆ ಎಂದುಕೊಂಡಿದ್ದರೇನೋ. ಹೊಲಿಗೆ ಪೆಟ್ಟಿಗೆಯಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ತೆಳು ಬಟ್ಟೆಯ ಹೊಲಿಗೆ ಬಿಚ್ಚುವಷ್ಟು ಮೆಲ್ಲಗೆ ಸುಲಿದಳು. ಎಳೆಗಳನ್ನು ನಾಲಗೆಗೆ ತಾಗಿಸಲು ಹೋಗಿ, ಇದು ದಾರವಲ್ಲವೆಂದು ನೆನಪಾಗಿ, ಬೆರಳಲ್ಲೇ ಹುರಿ ಮಾಡಿದಳು.

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆಂದು ತಮ್ಮ ಎದ್ದ.

"ಇನ್ನೊಂದು ಗಳಿಗೆ ಇರೋ, ಈಗ ಉಲಿಯುತ್ತೆ."

"ಉಲಿದಾಗ ಹೇಳಿ ಕಳಿಸು," ಎಂದು ಅವನು ಮೆಟ್ಟಿಲಿಳಿದಿದ್ದ. ಬೀದಿ ತಲುಪುವಷ್ಟರಲ್ಲಿ ಬೆನ್ನ ಹಿಂದೆ ಏನೋ ಗೊರಗೊರ ಸದ್ದು, ಅದರ ಮೇಲೆ ಅಕ್ಕನ ಕೇಕೆ. ಚಿಕ್ಕ ಹುಡುಗಿಯ ಕೇಕೆಯಂತಿತ್ತು. ಅವನು ಹಿಂದಿರುಗಲಿಲ್ಲ.

*

ಜನ ಬಂದರು. ನೆರೆಮನೆಯವರು ಕುರ್ಚಿ ತಂದರು. ಮೇಜಿದ್ದ ಜಾಗದಲ್ಲಿ ಅಕ್ಕ ಮಲಗಿದ್ದಳು, ತುಟಿಯ ಒಂದು ಬದಿ ಸ್ವಲ್ಪ ಎಳೆದುಕೊಂಡು, ಯಾರದೋ ತಮಾಷೆಗೆ ನಗಲೋ ಬೇಡವೋ ಅನ್ನುವಂತೆ.

ಬಾಗಿಲ ಬಳಿ ಹಿಂಜರಿಯುತ್ತ ನಿಂತಿದ್ದವನನ್ನು ತಮ್ಮ ಗುರುತು ಹಿಡಿದ. ಕೂದಲು ಕತ್ತರಿಸಿಕೊಳ್ಳಲು ತನ್ನಲ್ಲಿಗೇ ಬರುವ ಆಸಾಮಿ, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯವನು.

"ಪೆಟ್ಟಿಗೆ ಕೊಟ್ಟೋರು ನೀವೇನಾ?"

"ನಾನೇ. ಪಾಪ, ಎಂಥಾ ಒಳ್ಳೇ ಗಿರಾಕಿ. ಅಂಗಡೀಲಿ ನಿಂತು ಹಾಡಿದ್ರು ನೋಡಿ, ಅದನ್ನ ನಾನು ಮರೆಯಲ್ಲ."

"ಯಾರು, ನಮ್ಮಕ್ಕನಾ? ಹಾಡಿದ್ಳಾ?"

"ಒಂದಲ್ಲ, ಎಷ್ಟೋ. ಹಾಡಿನ ಹೆಸರು ಗೊತ್ತಿಲ್ಲ, ಹಾಡಿದೋರು ಗೊತ್ತಿಲ್ಲ, ರಾಗ ಅಷ್ಟೇ ಗೊತ್ತು ಅಂದ್ರು. ಹಾಡಿ ತೋರಿಸಿ, ಹುಡುಕ್ತೀನಿ ಅಂದೆ. ಮೊದಲು ನಾಚಿದ್ರು. ಆಮೇಲೆ ಕೌಂಟರಿಗೆ ಎರಡೂ ಕೈ ಊರಿ ಶುರು ಮಾಡಿದ್ರು. ಫ್ರಿಜ್ಜು ನೋಡೋಕೆ ಬಂದೋರೂ ನಿಂತು ಕೇಳಿದ್ರು. ಸಿಕ್ಕಿದ್ದನ್ನೆಲ್ಲ ಡಿಸ್ಕಿಗೆ ಹಾಕಿ ಕೊಟ್ಟೆ." ಅವನು ದನಿ ತಗ್ಗಿಸಿದ. "ಒಂದು ವಿಚಿತ್ರ ಏನಂದ್ರೆ, ಪ್ರತಿ ಹಾಡನ್ನೂ ಅರ್ಧಕ್ಕೇ ನಿಲ್ಲಿಸೋರು. ಮುಂದೆ ಅಂದ್ರೆ, ಮುಂದೆ ಗೊತ್ತಿಲ್ಲಪ್ಪ, ಅದಕ್ಕೇ ತಾನೇ ನಿನ್ನ ಹತ್ರ ಬಂದಿರೋದು ಅನ್ನೋರು."

ತಮ್ಮ ಕಣ್ಣು ಕಿರಿದು ಮಾಡಿದ. ಅರ್ಧಕ್ಕೇ ಯಾಕೆ?

ಉತ್ತರ ಬಂದದ್ದು ಮಂಚದ ಕಾಲ ಬಳಿ ಕೂತಿದ್ದ ಹೆಂಗಸಿನಿಂದ. ಕಾರ್ಖಾನೆಯಲ್ಲಿ ಅಕ್ಕನ ಪಕ್ಕದ ಮೆಷಿನ್ನಿನಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದವಳು. ಎಲ್ಲರೂ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು.

"ಅರ್ಧಕ್ಕಿಂತ ಮುಂದೆ ನಮಗೆ ಎಲ್ಲಿ ಕೇಳಿಸಿದ್ರು ಸ್ವಾಮಿ?" ಎಂದಳು.

*

ಕಾರ್ಖಾನೆಯಲ್ಲಿ ಚಹಾದ ಬಿಡುವಿಗೆ ಮಾತ್ರ ಮೆಷಿನ್ನುಗಳು ನಿಲ್ಲುತ್ತಿದ್ದವು. ಆಗ ಗೋಡೆಯ ಮೇಲಿನ ಸ್ಪೀಕರಿನಿಂದ ಹಾಡು ಬರುತ್ತಿತ್ತು. ಕಚೇರಿಯೊಳಗಿನಿಂದ ಯಾರೋ ಹಾಕುತ್ತಿದ್ದರು, ಯಾರೆಂದು ಯಾರೂ ನೋಡಿರಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಅರ್ಧಕ್ಕೆ ಬಂದಿರುತ್ತಿತ್ತು, ಅಷ್ಟರಲ್ಲಿ ಗಂಟೆ. ಗಂಟೆ ಹೊಡೆದರೆ ಹಾಡಿನ ಕತ್ತು ಹಿಸುಕಿದ ಹಾಗೆ. ಮತ್ತೆ ಮೆಷಿನ್ನುಗಳ ಗದ್ದಲ.

ಅದರಲ್ಲಿ ಒಂದು ಹಾಡಿತ್ತು. ಒಂಟಿ ಹೆಣ್ಣುದನಿ, ನದಿಯ ದಡದಲ್ಲಿ ನಿಂತು ದೋಣಿಯನ್ನು ಕೂಗಿ ಕರೆಯುತ್ತದೆ. ದೋಣಿ ಬರುತ್ತದೋ ಇಲ್ಲವೋ ಅನ್ನುವಷ್ಟರಲ್ಲಿ ಗಂಟೆ. ಮರುವಾರ ಮತ್ತೆ ಅದೇ ಹಾಡು, ಅದೇ ದಡ, ಅದೇ ಗಂಟೆ.

"ಬರ್ತಾನೆ ಬಿಡೇ, ದೋಣಿಯವನು," ಎನ್ನುತ್ತಿದ್ದಳು ಕಾಜಾ ಅಕ್ಕ, ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುತ್ತ. "ಕೊನೇಲಿ ಒಂದು ಗಂಡು ದನಿ ಬರುತ್ತೆ, ನೋಡ್ತಿರು."

"ಯಾರೂ ಬರಲ್ಲ," ಎನ್ನುತ್ತಿದ್ದಳು ಅಕ್ಕ. "ಆ ರಾಗ ಕೇಳಿದ್ರೇ ಗೊತ್ತಾಗುತ್ತೆ. ಅವಳೇ ನೀರಿಗಿಳಿದು ದಾಟ್ತಾಳೆ."

ಒಮ್ಮೆ ಧೈರ್ಯ ಮಾಡಿ ಸೂಪರ್‌ವೈಸರನ್ನೇ ಕೇಳಿದರು, ಒಂದೇ ಒಂದು ದಿನ ಹಾಡು ಮುಗಿಯುವ ತನಕ ಬಿಡಿ ಎಂದು. ಅವನು ಕಾಲರುಗಳ ರಾಶಿಯತ್ತ ಬೆರಳು ತೋರಿಸಿ, "ಇವೆಲ್ಲ ಹಾಡ್ತಾ ಹೊಲಿದುಕೊಳ್ಳುತ್ತವಾ?" ಎಂದ. ಸಾಲಿಗೆ ಸಾಲೇ ನಕ್ಕಿತು. ಅಕ್ಕ ನಗಲಿಲ್ಲ. ಮೆಷಿನ್ನಿನ ಪೆಡಲ್ ಒತ್ತುವ ಮೊದಲು, "ನೋಡ್ತಿರೇ, ಒಂದಲ್ಲ ಒಂದು ದಿನ ನಾನಿದನ್ನ ಕಂಡು ಹಿಡೀತೀನಿ," ಎಂದಿದ್ದಳು.

*

"ಕಂಡು ಹಿಡಿದ್ಳಾ?" ತಮ್ಮ ಕೇಳಿದ. ಕುರ್ಚಿಯ ತುದಿಗೆ ಬಂದು ಕೂತಿದ್ದ.

"ಹಿಡಿದ್ಳು! ಹೋದ ವಾರ ಫೋನ್ ಮಾಡಿದ್ಳು. ಸಿಕ್ತು ಕಣೇ ಅಂದ್ಳು. ಯಾರು ಗೆದ್ವಿ, ನೀನೋ ನಾನೋ ಅಂದೆ. ಕಿಸಕ್ಕಂತ ನಕ್ಕುಬಿಟ್ಟು, ಅದೆಲ್ಲ ಫೋನಲ್ಲಿ ಹೇಳೋದಲ್ಲ, ಬಂದು ಕೇಳು ಅಂದ್ಳು." ಕಾಜಾ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಂದಿದೀನಿ ನೋಡಿ."

ಮಗಳು ಗೋಡೆಗೊರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಮ್ಮ 'ಒಂದು ಕೇಳಿಸ್ತೀನಿ' ಎಂದದ್ದು ಯಾವುದನ್ನು ಅನ್ನುವುದು ಅವಳ ಮುಖದ ಮೇಲೆ ನಿಧಾನವಾಗಿ ಇಳಿಯುತ್ತಿರುವುದು ತಮ್ಮನಿಗೆ ಕಂಡಿತು.

"ಹಾಕಿ ಮಾಮ," ಎಂದಳು.

"ಸಾವಿನ ಮನೇಲಿ ಹಾಡಾ?" ಎದುರುಮನೆಯ ಹಿರಿಯರು ಕುರ್ಚಿಯಲ್ಲೇ ಮಿಸುಕಾಡಿದರು.

"ಮನೆ ಅವಳದು, ಪೆಟ್ಟಿಗೆ ಅವಳದು, ಕರೆದೋಳೂ ಅವಳೇ," ಎಂದ ತಮ್ಮ. "ನಾವು ಬಂದಿರೋದು ತಡವಾಗಿ, ಅಷ್ಟೇ."

ಗುಂಡಿ ಒತ್ತಿದ. ಕಿಂಡಿಯಲ್ಲಿ ಬೆಳಕು ಬಂತು, ಅಂಕಿ ಓಡತೊಡಗಿತು. ಸದ್ದಿಲ್ಲ. ಅಂಗಡಿಯವನು ಎದ್ದು ಬರಲು ಹೊರಟವನು, ಮಗಳು ಆಗಲೇ ನೆಲಕ್ಕೆ ಕೂತದ್ದನ್ನು ಕಂಡು ಅಲ್ಲೇ ನಿಂತು ಹೇಳಿದ.

"ಮೇಜು ಏನಾದ್ರೂ ಸರಿಸಿದ್ರಾ? ಹಿಂದಿನ ವೈರು ಬಿಟ್ಟಿರಬೇಕು. ಕೆಂಪು ಮುಚ್ಚಳ ಸಡಿಲ ಮಾಡಿ, ಎಳೆ ಒಳಗೆ ತೂರಿಸಿ, ಬಿಗಿ ಮಾಡಿ. ಇನ್ನೊಂದೂ ನೋಡಿ."

ಮಗಳು ಮುಚ್ಚಳ ಸಡಿಲಿಸಿದಳು. ತಾಮ್ರದ ಎಳೆಗಳು ಒಂದೇ ಹುರಿಯಾಗಿ ಗಟ್ಟಿಯಾಗಿದ್ದವು, ಅಕ್ಕ ಹೊಸೆದದ್ದು. ಒಂದೇ ಸಲಕ್ಕೆ ತೂತಿನೊಳಗೆ ಹೋದವು. ತಟಕ್ಕೆಂದು ಎರಡು ಸ್ಪೀಕರಿನಿಂದಲೂ ಏನೋ ವಾದ್ಯ ಚಿಮ್ಮಿತು. ಎಲ್ಲರೂ ಬೆಚ್ಚಿದರು.

"ಇದಲ್ಲ," ಎಂದಳು ಕಾಜಾ ಅಕ್ಕ.

ತಮ್ಮ ಗುಂಡಿ ತಿರುಗಿಸಿದ.

"ಇದೂ ಅಲ್ಲ. ಇದು ಸಂಬಳದ ದಿನ ಹಾಕೋರು... ಇದಲ್ಲ... ನಿಲ್ಲಿ, ನಿಲ್ಲಿ! ಹಾಂ!"

ಒಂಟಿ ಹೆಣ್ಣುದನಿ ಕೋಣೆ ತುಂಬಿತು. ನದಿ, ದಡ, ಕೂಗು. ತಮ್ಮ ಆ ಹಾಡನ್ನು ಹಿಂದೆಂದೂ ಕೇಳಿರಲಿಲ್ಲ, ಆದರೂ ಎರಡನೇ ಸಾಲಿಗೇ ದೋಣಿ ಬರಲಿ ಎಂದು ಅವನ ಮನಸ್ಸು ತವಕಿಸಿತು.

ಅಷ್ಟರಲ್ಲಿ ಹೊರಗೆ ಗಾಡಿ ಬಂದು ನಿಂತಿತು. ಚಾಲಕ ಒಳಗೆ ಇಣುಕಿದ. "ಹೊರಡೋಣ್ವಾ? ಬೀದಿ ಇಕ್ಕಟ್ಟು, ಹಿಂದೆ ಗಾಡಿಗಳು ನಿಂತುಬಿಡ್ತವೆ."

"ಇದೊಂದು ಮುಗೀಲಿ," ಎಂದ ತಮ್ಮ.

ಒಂದು ಸಾಲಿನ ನಡುವೆ ಕಾಜಾ ಅಕ್ಕ ಸರ್ರನೆ ನೆಟ್ಟಗಾದಳು. ಅವಳ ಎರಡೂ ಕೈ ತಾವಾಗಿಯೇ ಮುಂದೆ ಚಾಚಿ, ಇಲ್ಲದ ಬಟ್ಟೆಯನ್ನು ಇಲ್ಲದ ಸೂಜಿಯತ್ತ ತಳ್ಳಲು ಸಿದ್ಧವಾದವು. ಗಂಟೆ ಹೊಡೆಯುತ್ತಿದ್ದದ್ದು ಅಲ್ಲೇ ಇರಬೇಕು. ಗಂಟೆ ಹೊಡೆಯಲಿಲ್ಲ. ದನಿ ಮುಂದಿನ ಸಾಲಿಗೆ ದಾಟಿತು. ಕೂಗು ತಗ್ಗಿತು, ಬರೀ ನೀರಿನಂಥ ತಂತಿಯ ನಾದ ಉಳಿಯಿತು, ಅದೂ ನಿಂತಿತು. ಮುಗಿಯಿತೆಂದು ಎದುರುಮನೆಯ ಹಿರಿಯರು ಏಳಲು ಹೊರಟರು.

ಆಗ ದೂರದಿಂದ, ಆಚೆ ದಡದಿಂದ ಬಂದಂತೆ, ಇನ್ನೊಂದು ದನಿ. ಗಂಡುದನಿಯಲ್ಲ. ಮತ್ತೊಬ್ಬ ಹೆಂಗಸು. ಅವಳೂ ದೋಣಿಯನ್ನೇ ಕೂಗುತ್ತಿದ್ದಳು. ಈಚೆಯವಳು ಕೇಳಿಸಿಕೊಂಡಳು, ಉತ್ತರ ಕೊಟ್ಟಳು. ದೋಣಿಯ ಮಾತು ಎತ್ತ ಹೋಯಿತೋ, ಇಬ್ಬರೂ ನದಿಯ ಮೇಲಿಂದ ಒಬ್ಬರನ್ನೊಬ್ಬರು ಕೂಗಿ ಮಾತಾಡತೊಡಗಿದರು.

"ಅಯ್ಯೋ, ಇಬ್ಬರೂ ಸೋತ್ವಲ್ಲೇ!" ಕಾಜಾ ಅಕ್ಕ ಮಂಚದ ಅಂಚು ಹಿಡಿದು ಬಾಗಿದಳು, ಅಳುತ್ತಲೇ ನಗುತ್ತ. "ಹೇಳಬಾರದಿತ್ತೇನೇ? ಇಬ್ಬರಿದ್ದಾರೆ ಕಣೇ, ಇಬ್ಬರು."

ಮಗಳು ನೆಲದ ಮೇಲೆ ವೈರುಗಳ ನಡುವೆಯೇ ಕೂತಿದ್ದಳು. ತಲೆಯನ್ನು ಸ್ಪೀಕರಿನ ಬಿಳಿ ಗವಸಿಗೆ ಆನಿಸಿ, ಕಣ್ಣು ಮುಚ್ಚಿಕೊಂಡಿದ್ದಳು.

ಹೊರಗೆ ಹಾರ್ನು ಕೇಳಿಸಿತು, ಒಂದು, ಅದರ ಹಿಂದೆ ಇನ್ನೊಂದು. ತಮ್ಮ ಕಿಟಕಿಯಿಂದ ನೋಡಿದ. ಶವದ ಗಾಡಿಯ ಹಿಂದೆ ಬೀದಿಯುದ್ದಕ್ಕೂ ವಾಹನಗಳು ಕಟ್ಟಿಕೊಂಡಿದ್ದವು. ಚಾಲಕ ಮೊದಲನೆಯದರ ಬಳಿ ಹೋಗಿ, ಬಗ್ಗಿ, ಮನೆಯ ಕಡೆ ಕೈ ತೋರಿಸಿ ಏನೋ ಹೇಳಿದ. ಆ ಎಂಜಿನ್ನು ನಿಂತಿತು. ಅದರ ಹಿಂದಿನದು ನಿಂತಿತು. ಹೀಗೆ ಒಂದೊಂದಾಗಿ ಬೀದಿಯ ತಿರುವಿನವರೆಗೂ ಸದ್ದಡಗಿತು. ಹಾಲಿನ ವ್ಯಾನಿನವನು ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟ. ಪಾರ್ಸೆಲ್ಲು ಹೊತ್ತ ಸ್ಕೂಟರಿನ ಹೆಂಗಸು ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕಿಟಕಿಯ ಕಡೆಗೆ ಕತ್ತು ಚಾಚಿದಳು.