ಓರಗಿತ್ತಿಯ ಫೋನು

ನನ್ನ ಓರಗಿತ್ತಿ ರುದೈನಾ ಹೊಸ ಫೋನು ತಂದ ದಿನವೇ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಮುಚ್ಚಿಡುವುದೇನು ಬಂತು, ಈಗಲೂ ಆರಿಲ್ಲ. ಅವಳ ಗಂಡ, ಅಂದರೆ ನನ್ನ ಮೈದುನ ಗಸ್ಸಾನ್, ಅವಳನ್ನು ಮಾಲ್‌ಗೆ ಕರೆದುಕೊಂಡು ಹೋಗಿ, ಫೋನು ತಯಾರಿಸುವವರದೇ ಅಂಗಡಿಯಲ್ಲಿ, ಪೂರ್ತಿ ದುಡ್ಡು ಒಂದೇ ಸಲ ಕೊಟ್ಟು ಕೊಡಿಸಿದ್ದ. ಆ ಮಹಾರಾಯಿತಿ ಅದರ ಬಿಳಿ ಡಬ್ಬಿಯನ್ನೂ ಎಸೆಯದೆ ಷೋಕೇಸಿನಲ್ಲಿ ಕಾಫಿ ಬಟ್ಟಲುಗಳ ಪಕ್ಕ ಇಟ್ಟಿದ್ದಳು.

ಅಮ್ಮಾನ್ ನಗರದ ಮಾರ್ಕಾ ಬಡಾವಣೆಯಲ್ಲಿ ನಮ್ಮದೆಲ್ಲ ಒಂದೇ ಕಟ್ಟಡ. ಕೆಳಗೆ ಅತ್ತೆ, ನಡುವೆ ನಾವು, ಮೇಲೆ ರುದೈನಾ. ಅವಳು ಫೋನಿನಲ್ಲಿ ಮಾತಾಡುತ್ತ ಅತ್ತಿಂದಿತ್ತ ಓಡಾಡುವುದು ನನ್ನ ಅಡುಗೆಮನೆಗೆ ಕೇಳಿಸುತ್ತದೆ. ಹೊಸ ಫೋನು ಬಂದ ಮೇಲೆ ಓಡಾಟ ಹೆಚ್ಚಾಯಿತು, ಸುಳ್ಳಲ್ಲ.

ಬರೀ ಫೋನಿನ ಮಾತಾಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಆ ವಾರವೇ ಅತ್ತೆ ಮೆಕ್ಕಾಗೆ ಉಮ್ರಾ ಯಾತ್ರೆಯ ಮಾತೆತ್ತಿದರು. ಇಬ್ಬರು ಸೊಸೆಯರಲ್ಲಿ ಒಬ್ಬಳನ್ನು ಜೊತೆಗೆ ಕರೆದೊಯ್ಯುತ್ತಾರಂತೆ.

"ಪರ್ಮಿಟ್ಟು, ಬಸ್ಸು, ರೂಮು, ಎಲ್ಲಾ ಈಗ ಫೋನಲ್ಲೇ ಅಂತೆ ಕಣ್ರಮ್ಮಾ. ಅದನ್ನ ನೋಡ್ಕೊಳ್ಳೋಕೆ ಒಬ್ರು ಬೇಕು" ಅಂದರು.

ಹಿರಿಸೊಸೆ ನಾನು. ಮದುವೆಯಾಗಿ ಬಂದಾಗಿನಿಂದ ಅವರ ಮೊಣಕಾಲಿಗೆ ಆಲಿವ್ ಎಣ್ಣೆ ತಿಕ್ಕಿದವಳು ನಾನು. ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ನನ್ನದಾಗದೆ ಇನ್ನಾರದಾಗಬೇಕು? ಆದರೆ ನನ್ನ ಹಳೆ ಫೋನಿನ ಗಾಜು ಒಡೆದು ಅರ್ಧ ಪರದೆ ಕಪ್ಪಾಗಿತ್ತು. ಅತ್ತೆಯ ಕಣ್ಣು ರುದೈನಾಳ ಕೈಯ ಕಡೆಗೇ ಹೋದದ್ದನ್ನು ನಾನು ನೋಡಿದೆ.

ಅವತ್ತೇ ಗಂಡನ ಬೆನ್ನು ಹತ್ತಿದೆ.

"ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರ್ಲೇ?" ಅಂದರು ನಮ್ಮವರು, ನಿದಾಲ್.

"ನಿಮ್ಮ ತಮ್ಮ ಎಲ್ಲಿಂದ ತಂದ?" ಅಂದೆ.

ಮರುದಿನ ಟೆಲಿಫೋನ್ ಕಂಪನಿಯ ಅಂಗಡಿಯಿಂದ ತಂದರು. ಥೇಟ್ ಅದೇ ಫೋನು, ಅದೇ ನೀಲಿ. ಎರಡು ವರ್ಷ ಅವರ ಸಿಮ್ಮಿನಲ್ಲೇ ಇರುತ್ತೇವೆ ಎಂದು ಸಹಿ ಹಾಕಿದರೆ ಸಾಕಂತೆ, ಈಗ ಕೈಯಿಂದ ಏನೂ ಕೊಡಬೇಕಿಲ್ಲವಂತೆ. "ಪುಕ್ಸಟ್ಟೆ ಸಿಕ್ಕ ಹಾಗೇ ಕಣೇ!" ಎಂದು ಅವರು ಬೀಗಿದರು, ತಮ್ಮನಿಗೂ ಹೇಳಿಕೊಂಡು ಬಂದರು. ನಾನೂ ಬೀಗಿದೆ.

ಶುಕ್ರವಾರ ಊಟವಾದ ಮೇಲೆ ನಾವಿಬ್ಬರೂ ಸೊಸೆಯರು ಅತ್ತೆಯ ಮನೆಯಲ್ಲಿ ಕಾಫಿಗೆ ಕೂತಿದ್ದೆವು. ನಾನು ಫೋನನ್ನು ಎಲ್ಲರಿಗೂ ಕಾಣುವ ಹಾಗೆ ತಟ್ಟೆಯ ಪಕ್ಕ ಇಟ್ಟೆ.

"ಮಾಶಾಅಲ್ಲಾ! ಎಷ್ಟ್ ಚೆನ್ನಾಗಿದ್ಯಮ್ಮಾ, ಉಮ್ ಲೈತ್!" ಅಂದರು ಅತ್ತೆ. ಲೈತ್ ನನ್ನ ಮಗ. ಅವನು ಹುಟ್ಟಿದಂದಿನಿಂದ ಎಲ್ಲರಿಗೂ ನಾನು ಉಮ್ ಲೈತ್, ಅಂದರೆ ಲೈತನ ಅಮ್ಮ.

"ತಗೊಳ್ಳಿ ಅತ್ತೆ, ನಿಮ್ದೇ ಇದು" ಅಂದೆ.

ನಮ್ಮಲ್ಲಿ ಯಾರಾದರೂ ಹೊಗಳಿದರೆ ಹಾಗೆ ಅನ್ನಲೇಬೇಕು. ಹೊಗಳಿದವರು "ನಿನ್ನ ಕೈಯಲ್ಲೇ ಚೆಂದ" ಎಂದು ಹಿಂದಕ್ಕೆ ತಳ್ಳಲೇಬೇಕು. ನಿಜವಾಗಿ ಯಾರೂ ಕೊಡುವುದಿಲ್ಲ, ಯಾರೂ ತೆಗೆದುಕೊಳ್ಳುವುದಿಲ್ಲ.

ಅತ್ತೆ ಬಾಯಿ ತೆರೆಯುವ ಮೊದಲೇ ರುದೈನಾ ಕಿಸಕ್ಕನೆ ನಕ್ಕಳು.

"ಅದ್ಹೇಗೆ ಕೊಡ್ತೀರಾ ಉಮ್ ಲೈತ್? ಎರಡ್ ವರ್ಷ ಅದು ಕಂಪನಿದೇ ಅಲ್ವಾ? ಆನ್ ಮಾಡಿದ್ರೆ ಮೊದ್ಲು ಅವರ ಹೆಸ್ರೇ ಬರತ್ತೆ. ಮೆಕ್ಕಾಗೆ ಹೋದ್ರೆ ಅಲ್ಲಿನ ಸಿಮ್ ಹಾಕೋ ಹಾಗೂ ಇಲ್ಲ, ಬೀಗ ಜಡಿದಿರ್ತಾರೆ. ನನ್ನದಕ್ಕೆ ಯಾವ ದೇಶದ ಸಿಮ್ಮಾದ್ರೂ ನಡ್ಯತ್ತೆ."

ಅತ್ತೆಯೂ ನಕ್ಕರು. ರುದೈನಾಳ ನಗುವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅತ್ತೆಯ ನಗುವನ್ನು ನುಂಗಲಾಗಲಿಲ್ಲ.

"ಎಲ್ಲಿ, ನಿನ್ನದು ಕೊಡು ನೋಡೋಣ" ಅಂದೆ.

ಕೊಟ್ಟಳು. ಬೇಕೆಂದೇ ಆರಿಸಿ ಮತ್ತೆ ಆನ್ ಮಾಡಿದೆ. ತಯಾರಿಸಿದವರ ಗುರುತೊಂದು ಬಿಟ್ಟರೆ ಯಾವ ಟೆಲಿಫೋನ್ ಕಂಪನಿಯ ಹೆಸರೂ ಬರಲಿಲ್ಲ.

"ಚೆನ್ನಾಗಿದೆ ಕಣೇ. ತುಂಬಾ ಚೆನ್ನಾಗಿದೆ."

"ತಗೊಳ್ಳಿ ಉಮ್ ಲೈತ್, ನಿಮ್ದೇ" ಅಂದಳು, ಅನ್ನಬೇಕಾದಂತೆ.

"ಆಯ್ತು, ತಗೊಂಡೆ. ದೇವ್ರು ನಿಂಗೆ ಒಳ್ಳೇದ್ ಮಾಡ್ಲಿ" ಅಂದೆ.

ಅತ್ತೆಯ ಕಾಫಿ ಬಟ್ಟಲು ತುಟಿಯ ಹತ್ತಿರವೇ ನಿಂತುಬಿಟ್ಟಿತು. ರುದೈನಾ ನನ್ನ ಮುಖವನ್ನೇ ನೋಡಿದಳು, ತಮಾಷೆಯಿರಬಹುದು ಎಂದು. ನಾನು ನಗಲಿಲ್ಲ. ಅವಳು ಅಳಲಿ, ಇಲ್ಲವೇ ಜಗಳಕ್ಕೆ ಬರಲಿ ಎಂದು ಕಾದೆ. ಹಾಗಾಗಿದ್ದರೆ ನನ್ನದೇ ಗೆಲುವು.

ಅವಳು ಕಿವಿಯ ಓಲೆ ಬಿಚ್ಚಿದಳು. "ಒಂದ್ನಿಮಿಷ ಕೊಡಿ" ಎಂದು ಫೋನು ಇಸಿದುಕೊಂಡು, ಓಲೆಯ ತುದಿಯಿಂದ ಒತ್ತಿ ತನ್ನ ಸಿಮ್ ತೆಗೆದುಕೊಂಡಳು. ತೋಳಿನ ಬಟ್ಟೆಯಿಂದ ಗಾಜು ಒರೆಸಿ ನನ್ನ ಕೈಗಿಟ್ಟಳು.

"ಡಬ್ಬಿ ಆಮೇಲೆ ತಂದ್ಕೊಡ್ತೀನಿ. ಫೋಟೋ ಮಾತ್ರ ಅಳಿಸ್ಬೇಡಿ, ಗಸ್ಸಾನ್ ಬಂದು ತಗೋತಾರೆ."

ಅದನ್ನು ಕಂಡೂ ಹೊಟ್ಟೆ ಉರಿಯಿತು. ಹಾಗೆ ಕೊಟ್ಟುಬಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಆದರೂ ತಡಮಾಡಲಿಲ್ಲ. "ಅತ್ತೆ, ಇದಕ್ಕೆ ಅಲ್ಲಿನ ಸಿಮ್ಮೇ ಹಾಕ್ಬಹುದು. ಪರ್ಮಿಟ್ಟು, ಬಸ್ಸು, ಎಲ್ಲಾ ನಾನೇ ನೋಡ್ಕೋತೀನಿ. ಯಾವತ್ತು ಹೊರಡೋಣ?"

ಅತ್ತೆ ಬಟ್ಟಲು ಕೆಳಗಿಟ್ಟರು.

"ರುದೈನಾ, ಬಟ್ಟೆ ಜೋಡಿಸ್ಕೋ. ನೀನ್ ಬಾ ನನ್ ಜೊತೆ."

"ಅವಳ ಹತ್ರ ಫೋನೇ ಇಲ್ವಲ್ಲ ಅತ್ತೆ!"

"ನನ್ನ ಹಳೇ ಗುಂಡಿ ಫೋನಿದೆ. ಪರ್ಮಿಟ್ಟು ಗಸ್ಸಾನ್ ಇಲ್ಲಿಂದ್ಲೇ ಮಾಡಿಸ್ತಾನೆ. ದಾರಿ ಗೊತ್ತಾಗ್ದಿದ್ರೆ ಕೇಳ್ಕೊಂಡು ಹೋಗ್ತೀವಿ."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮಗುವಿಗೆ ಹೇಳುವ ಹಾಗೆ ನನ್ನ ಮೊಣಕಾಲು ತಟ್ಟಿದರು.

"ನೀನ್ ಇಲ್ಲೇ ಇರಮ್ಮಾ. ನಿನ್ ಹತ್ರ ಎರಡೆರಡು ಫೋನಿದ್ಯಲ್ಲ, ಅಲ್ಲಿಂದ ಮಾಡ್ತೀವಿ. ಯಾವ್ದಾದ್ರೂ ಒಂದನ್ನ ಎತ್ತು."